ಹ್ಯೂ ಧಣಿಯ ಗೋಪುರದ ಬುಡದಲ್ಲಿ ಮ್ಯಾಟಿಯ ಲೀಕು

ಬ್ರಾಕನ್‌ಲಾ ಊರಿನವರು ಅದನ್ನು ಕೋಟೆ ಎಂದು ಕರೆಯುತ್ತಾರೆ. ಕೋಟೆಯೂ ಅಲ್ಲ, ಮಣ್ಣೂ ಅಲ್ಲ. ಆರುನೂರು ವರ್ಷದ ಹಿಂದೆ ಸರ್ ಹ್ಯೂ ಎಂಬ ಧಣಿಯೊಬ್ಬನಿಗೆ ಗಡಿಯಾಚೆಯ ಸ್ಕಾಟ್ ದನಗಳ್ಳರ ಭಯ ಹಿಡಿಯಿತು. ರಾಜನ ಕೈಕಾಲು ಹಿಡಿದು ಅಪ್ಪಣೆ ತಂದು, ಇದ್ದ ಮನೆಗೇ ದಪ್ಪ ಗೋಡೆ, ಮೂಲೆಗಳಿಗೆ ಗೋಪುರ, ಸುತ್ತ ಕಂದಕ ಎಲ್ಲ ಮಾಡಿಸಿಕೊಂಡ. ದನಗಳ್ಳರು ಬಂದೇ ಬಂದರು, ದನಗಳನ್ನು ಹೊಡೆದುಕೊಂಡು ಹೋದರು. ದನಗಳು ಗೋಡೆಯ ಹೊರಗಿದ್ದವು, ಧಣಿ ಒಳಗೆ ಕ್ಷೇಮವಾಗಿದ್ದ. ಈಗ ಉಳಿದಿರುವುದು ಒಂದೇ ಒಂದು ಗೋಪುರ, ಹಜಾರದ ಒಂದು ಗೋಡೆ, ಆ ಗೋಡೆಯಲ್ಲಿ ಎರಡಾಳೆತ್ತರಕ್ಕೆ ಯಾರ ಚಳಿಗೂ ಒದಗದೆ ನಿಂತಿರುವ ಒಂದು ಬೆಂಕಿಗೂಡು. ಮಿಕ್ಕ ಕಲ್ಲೆಲ್ಲ ಊರಿನ ಹಂದಿಗೂಡುಗಳಲ್ಲಿದೆ, ಚರ್ಚಿನ ಪೌಳಿಯಲ್ಲಿದೆ, ಹೆಂಡದಂಗಡಿಯ ಮೆಟ್ಟಿಲಿನಲ್ಲಿದೆ.

ಈ ಕಥೆ ಧಣಿಯದಲ್ಲ. ಧಣಿಗಳ ಕಥೆ ಹೇಳಲು ಬೇರೆ ಜನ ಇದ್ದಾರೆ, ಅವರಿಗೆ ಅದಕ್ಕೆ ಸಂಬಳವೂ ಬರುತ್ತದೆ. ಇದು ಮ್ಯಾಟಿ ಹೆಸ್ಲಪ್‌ನ ಕಥೆ. ಅವನು ಗಣಿಯ ಸಾಲುಮನೆಯಲ್ಲಿ ಹುಟ್ಟಿದವನು, ಮೀಸೆ ಮೂಡುವ ಮುಂಚೆ ಕಲ್ಲಿದ್ದಲ ಗಣಿಗೆ ಇಳಿದವನು, ಸೊಂಟ ಹಿಡಿದುಕೊಂಡು ಮೇಲೆ ಬಂದವನು. ಗಣಿ ಮುಚ್ಚಿದ ವರ್ಷ, ಕೆಲಸ ಹೋದವರು ಮನೆಯಲ್ಲಿ ಕೂತು ಹೆಂಡತಿಯರ ತಲೆ ತಿನ್ನದಿರಲೆಂದು, ಗೋಪುರದ ಸುತ್ತಲ ಹೊಲವನ್ನು ತುಂಡು ತುಂಡು ಮಾಡಿ ತರಕಾರಿ ಬೆಳೆಯಲು ಹಂಚಿದರು. ಹಂಚುವ ದಿನ ಮ್ಯಾಟಿ ಪಟ್ಟಣದಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬರುವ ಹೊತ್ತಿಗೆ ಒಳ್ಳೊಳ್ಳೆಯ ತುಂಡುಗಳೆಲ್ಲ ಹೋಗಿ ಗೋಪುರದ ಬುಡದ ಮೂಲೆ ಮಾತ್ರ ಉಳಿದಿತ್ತು. ಅಲ್ಲಿ ಆಳೆತ್ತರ ತುರಚೆ ಗಿಡ, ಒಡೆದ ಬಾಟಲಿ, ಸತ್ತ ಕುರಿಯ ಮೂಳೆ ಇದ್ದವು. ಬಾಯಿ ಊದಿದ್ದರಿಂದ ಅವನು ತಕರಾರು ಮಾಡಲಿಲ್ಲ.

ಆ ಮೂಲೆಯಲ್ಲಿ ಅವನು ಲೀಕು ಬೆಳೆದ. ಲೀಕು ಈರುಳ್ಳಿಯ ದಾಯಾದಿ. ಗೆಡ್ಡೆ ಕಟ್ಟುವ ಬದಲು ಬಿಳಿಯ ಕಾಂಡವನ್ನೇ ದಪ್ಪ ಮಾಡಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಅದು ತರಕಾರಿ, ಸ್ಕಾಟರ ಗಡಿಗಂಟಿದ ಈ ನಾರ್ತಂಬರ್‌ಲ್ಯಾಂಡ್ ಸೀಮೆಯ ಗಣಿಯೂರುಗಳಲ್ಲಿ ಗಂಡಸಿನ ಮಾನ. ಪ್ರತಿ ಸೆಪ್ಟೆಂಬರಿನಲ್ಲಿ ಕಾರ್ಮಿಕರ ಕ್ಲಬ್ಬಿನ ಸಭಾಂಗಣದಲ್ಲಿ ಕಪ್ಪು ಬಟ್ಟೆ ಹಾಸಿ, ತೊಳೆದು ಬಾಚಿದ ಲೀಕುಗಳನ್ನು ಮಲಗಿಸುತ್ತಾರೆ. ತೀರ್ಪುಗಾರ ಬಂದು ಅಳೆಯುತ್ತಾನೆ. ಮಕ್ಕಳು ಹುಟ್ಟಿದಾಗ ಆಸ್ಪತ್ರೆಗೆ ಹೋಗದ ಗಂಡಸರು ಅಲ್ಲಿ ಉಗುರು ಕಚ್ಚುತ್ತಾ ನಿಂತಿರುತ್ತಾರೆ. ಯಾರು ಯಾವ ಗೊಬ್ಬರ ಹಾಕುತ್ತಾರೆ ಎಂಬುದು ಹೆಂಡತಿಗೂ ಹೇಳದ ಗುಟ್ಟು. ಹೊಟ್ಟೆಕಿಚ್ಚಿನವರು ಕತ್ತಲಲ್ಲಿ ಬಂದು ಪಕ್ಕದವನ ಲೀಕನ್ನು ಚಾಕುವಿನಿಂದ ಸೀಳಿ ಹೋಗುವುದೂ ಉಂಟು. ಅಂಥವನ ಹೆಸರು ಗೊತ್ತಾದರೆ ಅವನು ಊರು ಬಿಡಬೇಕು.

ಬಹುಮಾನವೆಂದರೆ ಮನೆ ಸಾಮಾನು. ಮ್ಯಾಟಿಯ ಹೆಂಡತಿ ಐನಾಳ ಮನೆಯಲ್ಲಿ ಸೋಫಾ ಲೀಕಿನದು, ಬಟ್ಟೆ ಒಗೆಯುವ ಯಂತ್ರ ಲೀಕಿನದು, ಗೋಡೆ ಗಡಿಯಾರ ಲೀಕಿನದು, ಗಾಜಿನ ಬೀರು ಲೀಕಿನದು. ನೆಂಟರು ಬಂದಾಗ ಅವಳು ಹೇಳುತ್ತಿದ್ದಳು: "ನಾನೊಬ್ಳು ಬಿಟ್ರೆ ಈ ಮನೇಲಿ ಇರೋದೆಲ್ಲ ಆ ತೋಟದಿಂದ ಬಂದದ್ದು. ನನ್ನನ್ನೂ ಗೆದ್ಕೊಂಡೇ ಬಂದೆ ಅಂತಾನೆ, ಕ್ಲಬ್ಬಿನ ಡಾನ್ಸಲ್ಲಿ. ಅವತ್ತು ಬೇರೆ ಯಾರೂ ಸ್ಪರ್ಧೆಗೆ ಇರ್ಲಿಲ್ಲ ಅಷ್ಟೆ."

ಮ್ಯಾಟಿಗೆ ತನ್ನ ಕೈಗುಣದ ಮೇಲೆ ಎಲ್ಲಿಲ್ಲದ ಜಂಬ. ಪೀಪಾಯಿಯಲ್ಲಿ ಕುರಿ ಹಿಕ್ಕೆ, ಚಿಮಣಿಯ ಮಸಿ, ಹಳಸಿದ ಕಂದು ಬಿಯರು, ಇನ್ನೂ ಏನೇನೋ ಕೊಳೆಹಾಕಿ ಮುಚ್ಚಳಕ್ಕೆ ಬೀಗ ಹಾಕಿದ್ದ. ಗಣಿಯಲ್ಲಿ ಮೇಸ್ತ್ರಿ ಬೈದಿದ್ದ, ಶಾಲೆಯಲ್ಲಿ ಮೇಷ್ಟ್ರು ಬೈದಿದ್ದರು, ಮನೆಯಲ್ಲಿ ಐನಾ ಬೈಯುತ್ತಿದ್ದಳು. ಜೀವಮಾನದಲ್ಲಿ ಅವನು ಯಾರಿಗಿಂತಲೂ ಚೆನ್ನಾಗಿ ಮಾಡಿದ್ದು ಇದೊಂದೇ. ಅದು ಅವನಿಗೂ ಗೊತ್ತಿತ್ತು. ಹಿಂದಿನ ಎರಡು ವರ್ಷ ಅವನೇ ಗೆದ್ದಿದ್ದ, ಈ ವರ್ಷವೂ ಗೆದ್ದರೆ, ಮೊದಲು ಬಂದವನಿಗೆ ಒಂದು ವರ್ಷದ ಮಟ್ಟಿಗೆ ಕೊಡುವ ಬೆಳ್ಳಿಯ ಕಪ್ಪನ್ನು ಕ್ಲಬ್ಬಿಗೆ ಮರಳಿಸಬೇಕಾಗಿಲ್ಲ. ಅದು ಅವನದೇ ಆಗಿಬಿಡುತ್ತದೆ, ಮೇಲೆ ಅವನ ಹೆಸರು ಕೆತ್ತಿಸಿಕೊಂಡು.

ಬೇಲಿಯಾಚೆಯ ತುಂಡು ಲ್ಯಾನ್ಸ್ ಟ್ಯೂಲಿಪ್‌ನದು. ಗಣಿಯಲ್ಲಿ ಇಬ್ಬರೂ ಒಂದೇ ಸುರಂಗದಲ್ಲಿ ಹೊಟ್ಟೆಯ ಮೇಲೆ ತೆವಳಿದವರು. ಈಗ ಲ್ಯಾನ್ಸ್ ಕ್ಲಬ್ಬಿನ ಕಾರ್ಯದರ್ಶಿ. ಸ್ಪರ್ಧೆಯ ನಿಯಮಗಳೆಲ್ಲ ಅವನೇ ಬರೆದದ್ದು. ಗೆಲ್ಲುವುದೊಂದು ಮಾತ್ರ ಅವನ ಕೈಗೆ ಹತ್ತಿರಲಿಲ್ಲ.

ಆಗಸ್ಟಿನಲ್ಲಿ ಹಿಲರಿ ಫೇನ್ ಬಂದಳು. ತೆಂಕಣದ ಯಾವುದೋ ವಿಶ್ವವಿದ್ಯಾಲಯದವಳು, ಹಳೆಯ ಮನೆಗಳ ಬುನಾದಿ ಅಗೆಯುವುದು ಅವಳ ಕಸುಬು. ಗಂಡಸರ ಪ್ಯಾಂಟು ತೊಟ್ಟು, ಗೋಪುರದ ಸುತ್ತ ಟೇಪು ಹಿಡಿದು ಓಡಾಡುತ್ತಿದ್ದವಳು ನೇರ ಲೀಕಿನ ಪಾತಿಯ ಕಡೆಗೆ ಬಂದಳು. ಮ್ಯಾಟಿ ಕುಕ್ಕೆಯನ್ನು ಅಲ್ಲೇ ಬಿಟ್ಟು ಅಡ್ಡ ನಿಂತ.

"ಹಿನ್ನಿ, ಅಲ್ಲಿ ಕಾಲಿಡ್ಬೇಡ," ಅಂದ. ಆ ಸೀಮೆಯ ಗಂಡಸರಿಗೆ ಹೆಂಗಸರೆಲ್ಲ ಹಿನ್ನಿಯೇ, ಬೈಯುವಾಗಲೂ ಹಿನ್ನಿಯೇ.

"ಕ್ಷಮಿಸಿ, ಮಿಸ್ಟರ್ ಹೆಸ್ಲಪ್. ನಂಗೆ ಇದೇ ಮೂಲೆ ಬೇಕಿತ್ತು. ಇಲ್ಲಿ ಅಗೀಬೇಕು."

"ನನ್ನ ಹೆಣ ಅಗೆದಾದ್ಮೇಲೆ ಅಗಿ. ಮುಂದಿನ ತಿಂಗಳು ಸ್ಪರ್ಧೆ ಇದೆ."

ಹಿಲರಿ ಜಗಳಗಂಟಿಯಲ್ಲ. ಅಗೆಯುವುದು ಬರುವ ವಸಂತಕ್ಕೇ ಆಗಲಿ, ಈಗ ಪಾತಿಯ ಅಂಚಿನಲ್ಲಿ ಒಂದು ಟೊಳ್ಳು ಸಲಾಕೆ ಇಳಿಸಿ ತುಸು ಮಣ್ಣು ತೆಗೆದು ನೋಡಿಕೊಳ್ಳುತ್ತೇನೆ ಎಂದಳು. ಮ್ಯಾಟಿ ಒಪ್ಪಿದ. ಸಲಾಕೆ ಇಳಿಯುವಾಗ ಮಗಳಿಗೆ ಸೂಜಿ ಚುಚ್ಚಿಸುವ ತಂದೆಯ ಹಾಗೆ ಮುಖ ಹಿಂಡಿಕೊಂಡು ನಿಂತ. ಸುಮ್ಮನಿರಲಾರದೆ, ಗೋಪುರದ ಮೇಲಿದ್ದ ಕಲ್ಲಿನ ಕಿಂಡಿಯನ್ನು ತೋರಿಸಿ, ಬಂದವರಿಗೆಲ್ಲ ಹೇಳುತ್ತಿದ್ದ ಪಾಠವನ್ನು ಅವಳಿಗೂ ಒಪ್ಪಿಸಿದ.

"ಅಲ್ನೋಡು, ಆ ಕಿಂಡಿ. ಸ್ಕಾಟರು ಗೋಡೆ ಹತ್ತೋಕೆ ಬಂದ್ರೆ ಧಣಿ ಅಲ್ಲಿಂದ ಕಾದೆಣ್ಣೆ ಸುರೀತಿದ್ದ."

ಹಿಲರಿ ಸಲಾಕೆಯಿಂದ ಬಂದ ಕಪ್ಪು ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ಮೂಸಿದಳು. ಮುಖ ಅರಳಿತು. "ಸುರೀತಿದ್ದದ್ದು ನಿಜ," ಅಂದಳು. "ಆದ್ರೆ ಎಣ್ಣೆಯಲ್ಲ."

"ಮತ್ತೆ?"

"ಅದು ಅವರ ಕಕ್ಕಸು, ಮಿಸ್ಟರ್ ಹೆಸ್ಲಪ್. ಮೇಲೆ ಕಲ್ಲಿನ ಪೀಠ, ಅಲ್ಲಿಂದ ಗೋಡೆಯೊಳಗೇ ಒಂದು ಕೊಳವೆ, ಕೆಳಗೆ ಗುಂಡಿ. ಆ ಗುಂಡಿ ಅಂಚಲ್ಲೇ ನೀವು ನಿಂತಿರೋದು. ನೋಡಿ, ಅಂಜೂರದ ಬೀಜ. ಅಂಜೂರ ಈ ಕಡೆ ಬೆಳೆಯೋಲ್ಲ, ಹಡಗಲ್ಲಿ ತರಿಸ್ತಿದ್ರು. ಧಣಿಗಳೇ ತಿಂದದ್ದು ಇದು." ಅವಳು ಆ ಬೀಜವನ್ನು ಮುತ್ತಿನಂತೆ ಅಂಗೈಯಲ್ಲಿಟ್ಟು ತೋರಿಸಿದಳು. "ಎಷ್ಟು ತಲೆಮಾರಿನದೋ. ಈಗ ಬರೀ ಒಳ್ಳೆ ಮಣ್ಣು, ವಾಸನೆ ಕೂಡ ಇಲ್ಲ. ಇಂಥ ಗುಂಡಿ ಸಿಗೋದು ನನ್ನ ಪುಣ್ಯ."

ಪುಣ್ಯ ಅವಳದು. ಮ್ಯಾಟಿ ಒಂದು ಲೀಕಿನ ಕಾಂಡಕ್ಕೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದ. ಅವನಿಗೆ ಅಸಹ್ಯವೇನೂ ಆಗಲಿಲ್ಲ, ಗಣಿಯ ಕತ್ತಲಲ್ಲಿ ಕೆಲಸ ಮಾಡಿದವನಿಗೆ ಎಲ್ಲರೂ ಎಲ್ಲಿ ಕೂರುತ್ತಾರೆಂದು ಗೊತ್ತಿರುತ್ತದೆ. ಅವನಿಗಾದದ್ದು ಬೇರೆ. ಬೀಗ ಹಾಕಿದ ಪೀಪಾಯಿಯ ಕಡೆಗೆ ನೋಡಿದ, ಮೇಲಿನ ಕಿಂಡಿಯ ಕಡೆಗೆ ನೋಡಿದ. ಇಷ್ಟು ವರ್ಷ ಇದನ್ನು ನಾನು ಬೆಳೆದದ್ದೋ, ಅವನು ಹೇತದ್ದೋ? ಆ ಪ್ರಶ್ನೆ ಅವನ ತಲೆ ಹೊಕ್ಕಿತು, ಆಮೇಲೆ ಹೊರಗೆ ಹೋಗಲಿಲ್ಲ.

"ಹಿನ್ನಿ, ಈ ವಿಷಯ ಸ್ಪರ್ಧೆ ಮುಗಿಯೋ ತನಕ ನಿನ್ನ ಬಾಯಲ್ಲೇ ಇರ್ಲಿ," ಅಂದ.

"ಯಾಕೆ?"

"ಸ್ಪರ್ಧೆಯ ಮಾರನೇ ದಿನ ಆ ಲೀಕೆಲ್ಲ ಸೂಪು ಮಾಡಿ ಊರಿಗೆ ಬಡಿಸ್ತಾರೆ."

ಹಿಲರಿ ನಗು ತಡೆಯಲಾರದೆ ಬೆನ್ನು ತಿರುಗಿಸಿದಳು. ಮಾತಿಗೆ ಮಾತ್ರ ತಪ್ಪಲಿಲ್ಲ.

ಸೆಪ್ಟೆಂಬರ್ ಬಂತು, ಮ್ಯಾಟಿ ಗೆದ್ದ. ಗೆದ್ದ ಎಂದರೆ ಸಾಲದು. ತೀರ್ಪುಗಾರ ಅವನ ಲೀಕನ್ನು ಅಳೆದು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದ. ಬೆಳ್ಳಿಯ ಕಪ್ಪನ್ನು ಕೈಗಿತ್ತಾಗ ಮ್ಯಾಟಿಯ ಮುಖದಲ್ಲಿ ಸಾವಿನ ಮನೆಗೆ ಬಂದವನ ಕಳೆ. ಜನ ಅದನ್ನು ವಿನಯ ಎಂದುಕೊಂಡರು. ಐನಾ ಹಾಗೆ ತಿಳಿಯಲಿಲ್ಲ, ಆ ಮನುಷ್ಯನಲ್ಲಿ ವಿನಯ ಇಲ್ಲವೆಂದು ಅವಳಿಗೆ ಮದುವೆಯಾದಾಗಿನಿಂದ ಗೊತ್ತು.

ಮಾರನೆಯ ಮಧ್ಯಾಹ್ನ ಕ್ಲಬ್ಬಿನಲ್ಲಿ ಸೂಪು. ಲೀಕು, ಹಂದಿಯ ಮೊಣಕಾಲು, ಬಾರ್ಲಿ ಹಾಕಿ ದೊಡ್ಡ ಹಂಡೆಯಲ್ಲಿ ಕುದಿಸಿದ್ದರು. ಜತೆಗೆ ಸ್ಟಾಟಿ ಎಂಬ ದಪ್ಪ ರೊಟ್ಟಿ. ಊರೆಲ್ಲ ಉದ್ದ ಮೇಜುಗಳಲ್ಲಿ ಕೂತಿತ್ತು. ಅತಿಥಿಯೆಂದು ಹಿಲರಿಯನ್ನೂ ಕೂರಿಸಿದ್ದರು. ಎಲ್ಲರ ಬಟ್ಟಲೂ ಅರ್ಧ ಖಾಲಿಯಾದ ಹೊತ್ತಿಗೆ ಲ್ಯಾನ್ಸ್ ಟ್ಯೂಲಿಪ್ ಚಮಚದಿಂದ ಲೋಟಕ್ಕೆ ಬಡಿದು ಎದ್ದುನಿಂತ.

ಕ್ಲಬ್ಬಿನ ಅಧ್ಯಕ್ಷ ತಲೆಯೆತ್ತದೆ ಅಂದ: "ಲೀಕು ಹಂಡೆಗೆ ಬಿದ್ಮೇಲೆ ತಕರಾರಿಲ್ಲ, ಲ್ಯಾನ್ಸ್. ನೀನೇ ಬರೆದ ನಿಯಮ."

"ತಕರಾರಲ್ಲ. ಅನುಮಾನ. ಅನುಮಾನಕ್ಕೆ ನಿಯಮ ಇಲ್ಲ."

"ಸೂಪು ಆರುತ್ತೆ, ಬೇಗ ಹೇಳು."

"ನನ್ನ ತೋಟಕ್ಕೂ ಅವನ ತೋಟಕ್ಕೂ ಮಧ್ಯೆ ಒಂದು ಬೇಲಿ. ನಾನೂ ಗೊಬ್ಬರ ಹಾಕ್ತೀನಿ, ನಾನೂ ಬಿಯರು ಸುರೀತೀನಿ. ಕುಡಿಯೋಕಿಂತ ಜಾಸ್ತಿ ಸುರೀತೀನಿ."

"ಅದು ಸುಳ್ಳು," ಎಂದಳು ಅವನ ಹೆಂಡತಿ ಬೆಲ್ಲಾ.

"ನೀನು ಸುಮ್ನಿರು. ನಂದು ಮಣಿಕಟ್ಟಿನಷ್ಟು ಬರುತ್ತೆ, ಅವನದು ತೊಡೆಯಷ್ಟು. ಈ ಊರಿನ ಮಣ್ಣಲ್ಲಿ ಅಂಥದು ಬರೋಲ್ಲ. ಡರ್ಹಮ್ ಕಡೆಯಿಂದ ಯಾರ ಹತ್ರವೋ ಕೊಂಡು ತಂದಿದ್ದಾನೆ ಅಂತ ನಾನು ಹೇಳ್ತಿಲ್ಲ. ಕೊಂಡು ತಂದಿದ್ರೆ ಹೀಗೇ ಇರ್ತಿತ್ತು ಅಂತ ಹೇಳ್ತಿದ್ದೀನಿ ಅಷ್ಟೆ."

ಮೇಜುಗಳ ಉದ್ದಕ್ಕೂ ಚಮಚಗಳು ನಿಂತವು. ಆ ಊರಿನಲ್ಲಿ ಗಂಡಸಿಗೆ ಕುಡುಕ ಅನ್ನಬಹುದು, ಸೋಮಾರಿ ಅನ್ನಬಹುದು, ಹೆಂಡತಿಗೆ ಹೆದರುವವನು ಅಂದರೆ ಅವನೇ ಹೌದೆನ್ನುತ್ತಾನೆ. ಕೊಂಡ ಲೀಕು ತಂದವನು ಅನ್ನುವಂತಿಲ್ಲ. ಮ್ಯಾಟಿ ಸುಮ್ಮನಿದ್ದರೂ ಬೆಳ್ಳಿಯ ಕಪ್ಪು ಅವನದೇ, ನಿಯಮ ಅವನ ಕಡೆಗಿತ್ತು. ಆದರೆ ಗಣಿಯಲ್ಲಿ ಹೊಟ್ಟೆಯ ಮೇಲೆ ತೆವಳುವಾಗ ಮುಂದಿದ್ದ ತನ್ನ ಬೂಟು ನೋಡಿಕೊಂಡೇ ಜೀವ ಉಳಿಸಿಕೊಂಡ ಗೆಳೆಯ, ಊರೆದುರಿಗೆ ತನ್ನನ್ನು ಕಳ್ಳ ಎಂದಿದ್ದ. ಮ್ಯಾಟಿ ಎದ್ದ.

"ಲ್ಯಾನ್ಸ್ ಹೇಳಿದ್ದು ಸರಿ," ಅಂದ. "ಈ ಊರಿನ ಮಣ್ಣಲ್ಲಿ ಅಂಥದು ಬರೋಲ್ಲ. ನಂದು ಮಣ್ಣೇ ಅಲ್ಲ."

ಐನಾ ಅವನ ಕೋಟಿನ ಚುಂಗು ಹಿಡಿದೆಳೆದಳು. ಅವನು ಕೂರಲಿಲ್ಲ.

"ಗೋಪುರದ ಮೇಲಿನ ಕಿಂಡಿ ಇದೆಯಲ್ಲ, ನಿಮ್ಗೆಲ್ಲ ಕಾದೆಣ್ಣೆ ಅಂತ ಹೇಳ್ತಿದ್ನಲ್ಲ. ಅದು ಎಣ್ಣೇದಲ್ಲ. ಹ್ಯೂ ಧಣಿ ಕೂರ್ತಿದ್ದ ಜಾಗ. ಅವನು, ಅವನ ಹೆಂಡ್ತಿ, ಮಕ್ಕಳು, ಮೊಮ್ಮಕ್ಕಳು, ದಿನಾ ಬೆಳಗ್ಗೆ ಎದ್ದು ಅಲ್ಲೇ ಕೂತದ್ದು. ಎಲ್ಲ ಬಿದ್ದದ್ದು ನನ್ನ ಪಾತಿಗೆ. ನಾನು ಲೀಕು ನೆಟ್ಟದ್ದು ಅದ್ರಲ್ಲಿ. ಲೀಕು ಈಗ ನಿಮ್ಮ ಬಟ್ಟಲಲ್ಲಿದೆ. ಈ ಹೆಣ್ಣುಮಗಳನ್ನ ಕೇಳಿ, ಅಂಜೂರದ ಬೀಜ ತೋರಿಸ್ತಾಳೆ."

ಎಲ್ಲರೂ ತಂತಮ್ಮ ಬಟ್ಟಲನ್ನೇ ನೋಡುತ್ತಿದ್ದರು. ಉಗುಳುವುದು ಅಸಭ್ಯ, ನುಂಗುವುದು ಕಷ್ಟ, ಬಾಯಲ್ಲಿದ್ದದ್ದನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಬೆಲ್ಲಾ ಟ್ಯೂಲಿಪ್ ಕರವಸ್ತ್ರದಿಂದ ತುಟಿ ಒರೆಸಿಕೊಂಡು ಹಿಲರಿಯ ಕಡೆಗೆ ತಿರುಗಿದಳು.

"ಹ್ಯೂ ಧಣಿ ಮನೆಯವರದ್ದೇನಾ ಅದು?"

"ಅವರದ್ದೇ," ಎಂದಳು ಹಿಲರಿ.

"ಆಳುಕಾಳುಗಳದ್ದು ಸೇರಿಲ್ವಾ?"

"ಇಲ್ಲ. ಆಳುಗಳು ಕಂದಕದ ಹತ್ರ ಹೋಗ್ತಿದ್ರು. ಗೋಪುರ ಮನೆಯವರಿಗೆ ಮಾತ್ರ."

"ಹಾಗಾದ್ರೆ ಪರವಾಗಿಲ್ಲ," ಎಂದು ಬೆಲ್ಲಾ ಬಟ್ಟಲು ಮುಂದೆ ಚಾಚಿದಳು. "ಒಳ್ಳೆ ಮನೆತನ. ಇನ್ನೊಂದು ಸೌಟು ಹಾಕಿ."

ಅಲ್ಲಿಗೆ ಎಲ್ಲರ ಮನಸ್ಸೂ ಹಗುರಾಯಿತು. ನಾನು ಈ ಜನದ ನಡುವೆ ಬಹಳ ಕಾಲ ಬಾಳಿದ್ದೇನೆ, ಇವರ ಈ ಒಂದು ರೋಗಕ್ಕೆ ಮದ್ದು ಕಂಡಿಲ್ಲ. ಹೊಟ್ಟೆಪಾಡಿಗೆ ಮುಷ್ಕರ ಹೂಡಿ ಧಣಿಗಳನ್ನು ಬಾಯಿಗೆ ಬಂದಂತೆ ಬೈದವರು, ಧಣಿಯದೆಂದು ಗೊತ್ತಾದ ಮೇಲೆ ಅದನ್ನೂ ಗೌರವದಿಂದ ಉಂಡರು. ಬೆಲ್ಲಾಳ ಹಿಂದೆಯೇ ಬಟ್ಟಲುಗಳು ಸಾಲಾಗಿ ಮುಂದೆ ಬಂದವು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಲ್ಯಾನ್ಸ್ ಬಂದು ಮ್ಯಾಟಿಯ ಕೈ ಕುಲುಕಿ, "ತಪ್ಪು ತಿಳ್ಕೊಂಡೆ ಕಣಯ್ಯಾ. ನೀನು ಕಳ್ಳ ಅಲ್ಲ, ಅದೃಷ್ಟವಂತ ಅಷ್ಟೆ," ಅಂದ. ಬೈಗುಳಕ್ಕಿಂತ ಆ ಸಮಾಧಾನವೇ ಹೆಚ್ಚು ಚುಚ್ಚಿತು. ಅಧ್ಯಕ್ಷ ಬಿಯರಿನ ಲೋಟ ಎತ್ತಿ ಎಲ್ಲರನ್ನೂ ಎಬ್ಬಿಸಿದ.

"ಸರ್ ಹ್ಯೂಗೆ," ಅಂದ.

"ಸರ್ ಹ್ಯೂಗೆ," ಅಂತು ಊರು.

ಬೆಳ್ಳಿಯ ಕಪ್ಪು ಹಿಡಿದುಕೊಂಡು ಮಧ್ಯದಲ್ಲಿ ನಿಂತಿದ್ದ ಮ್ಯಾಟಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಬೇಕೆಂದು ಮಾಡಿದ್ದಲ್ಲ, ನೆನಪಾಗಲಿಲ್ಲ. ಅವನೂ ಲೋಟ ಎತ್ತಿ ಧಣಿಗೆ ಕುಡಿದ.

ಆ ಚಳಿಗಾಲವೆಲ್ಲ ಅವನು ಲೀಕಿನ ಸೋಫಾದ ಮೇಲೆ ಕೂತು ಲೀಕಿನ ಗಡಿಯಾರ ನೋಡುತ್ತಾ ಕಳೆದ. ಪೀಪಾಯಿಯ ಬೀಗದ ಕೈಯನ್ನು ಎಲ್ಲಿಟ್ಟೆನೆಂದೂ ಹುಡುಕಲಿಲ್ಲ. ಕಪ್ಪಿನ ಮೇಲೆ ಹೆಸರು ಕೆತ್ತಿಸಿಕೊಂಡು ಬಾ ಎಂದು ಐನಾ ಹೇಳಿದರೆ, "ಯಾರ ಹೆಸರು?" ಎಂದು ಕೇಳಿ ಗೋಡೆ ಕಡೆಗೆ ತಿರುಗುತ್ತಿದ್ದ. ಹೀಗೆ ಫೆಬ್ರವರಿ ಬಂತು, ಬೀಜ ಹಾಕುವ ಕಾಲ ಬಂತು. ಐನಾ ಹಿತ್ತಲಲ್ಲಿ ಒಗೆದ ಬಟ್ಟೆ ಹರವುತ್ತಿದ್ದವಳು, ಬಾಗಿಲಲ್ಲಿ ಜೋತುಬಿದ್ದು ನಿಂತ ಗಂಡನನ್ನು ನೋಡಿ ರೇಗಿದಳು.

"ಇನ್ನೂ ಆ ಸತ್ತ ಧಣಿ ಜತೆ ಜಗಳಾನಾ ನಿಂದು?"

"ಜಗಳ ಏನಿಲ್ಲ. ಬೆಳೆದವನು ಅವನು, ನಾನು ಬರೀ ಕಿತ್ತೆ."

"ನೀನು ಹೋಗೋ ಮುಂಚೆ ಅಲ್ಲಿ ಏನಿತ್ತು?"

"ತುರಚೆ ಗಿಡ."

"ಎಷ್ಟು ಕಾಲದಿಂದ?"

"ಯಾರಿಗ್ಗೊತ್ತು. ಧಣಿ ಸತ್ತಾಗಿನಿಂದ."

"ಅದೇ ಹೊಲಸಲ್ಲಿ ಅಷ್ಟು ಕಾಲ ತುರಚೆ ಬೆಳೀತು ಮ್ಯಾಟಿ. ಅದಕ್ಕೆ ಯಾವ ಮುಂಡೇಮಗ ಬಂದು ಕಪ್ ಕೊಟ್ಟ?" ಎಂದು ಹೇಳಿ ಅವಳು ಒದ್ದೆ ದುಪ್ಪಟಿಯನ್ನು ಫಟೀರನೆ ಒದರಿದಳು. "ಹೋಗು, ನನ್ನ ಕಣ್ಣೆದುರಿಗೆ ನಿಲ್ಬೇಡ."

ಮಾರನೆಯ ದಿನ ಅವನು ಹಿತ್ತಲಲ್ಲಿ ಕಲ್ಲಿದ್ದಲ ಗೂಡಿನ ಪಕ್ಕ, ಬೆಕ್ಕು ಕೂಡ ಕೂರದ ಗಟ್ಟಿ ಜೇಡಿಮಣ್ಣನ್ನು ಗುದ್ದಲಿಯಿಂದ ಕೆದಕುತ್ತಿದ್ದ. ಸೊಂಟ ಹಿಡಿದುಕೊಂಡು ಅಗೆದ, ಕೂತು ಅಗೆದ, ಒಮ್ಮೆ ಮಲಗಿಯೂ ಅಗೆದ. ಗಣಿಯಲ್ಲಿ ಕಲಿತ ವಿದ್ಯೆ ಅಷ್ಟಾದರೂ ಒದಗಿತು.

ವಸಂತದಲ್ಲಿ ಹಿಲರಿ ತನ್ನ ಪಡೆಯೊಂದಿಗೆ ಬಂದು ಗೋಪುರದ ಗುಂಡಿಯನ್ನು ತಳದ ತನಕ ಅಗೆದಳು. ಅಂಜೂರದ ಬೀಜ, ಚೆರ್ರಿ ಗೊರಟೆ, ಅಂಗಿಯ ಒಂದು ಬೆಳ್ಳಿ ಬಟನ್ನು, ಪಾಪ ಯಾರೋ ಅವಸರದಲ್ಲಿ ಬೀಳಿಸಿಕೊಂಡದ್ದು, ಎಲ್ಲ ಸಿಕ್ಕವು. ಅಗೆದು ರಾಶಿ ಹಾಕಿದ ಕಪ್ಪು ಮಣ್ಣನ್ನು ಲ್ಯಾನ್ಸ್ ಟ್ಯೂಲಿಪ್ ಸಂಜೆ ಸಂಜೆ ಕೈಗಾಡಿಯಲ್ಲಿ ತನ್ನ ಪಾತಿಗೆ ಸಾಗಿಸಿದ. ಊರೆಲ್ಲ ಕಿಟಕಿಯಿಂದ ನೋಡಿತು, ಯಾರೂ ನೋಡಿಲ್ಲವೆಂದುಕೊಂಡು ಅವನು ಸಿಳ್ಳೆ ಹಾಕುತ್ತಿದ್ದ. ಆ ಮಣ್ಣಿನ ಮೇಲೆ ತನ್ನ ಗೊಬ್ಬರವನ್ನೂ ಸುರಿದ, ಬಿಯರನ್ನೂ ಸುರಿದ. ಜುಲೈ ಹೊತ್ತಿಗೆ ಅವನ ಲೀಕು ಬೇಲಿಯ ಎತ್ತರಕ್ಕೆ ಬಂತು. ಆಗಸ್ಟಿನಲ್ಲಿ ಉಬ್ಬಿ ಉಬ್ಬಿ ಬಿರಿದು, ಒಳಗಿಂದ ಕೊಳೆತು ಹೋಯಿತು.

"ಧಣಿ ನಂಗೆ ಕೈಕೊಟ್ಟ," ಎಂದು ಅವನು ಬೇಲಿಗೆ ಒರಗಿಕೊಂಡು ದುಃಖ ತೋಡಿಕೊಂಡ.

"ಯಾವತ್ತಾದ್ರೂ ಕೈ ಹಿಡಿದಿದ್ನಾ?" ಎಂದಳು ಬೆಲ್ಲಾ.

ಸೆಪ್ಟೆಂಬರಿನಲ್ಲಿ ಮ್ಯಾಟಿ ತನ್ನ ಹಿತ್ತಲ ಲೀಕನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕ್ಲಬ್ಬಿಗೆ ಒಯ್ದ. ದೊಡ್ಡದಲ್ಲ. ನೆಟ್ಟಗಿತ್ತು, ಬೆಳ್ಳಗಿತ್ತು, ಅಷ್ಟೆ. ಕಪ್ಪು ಬಟ್ಟೆಯ ಮೇಲೆ ಮಲಗಿಸಿ ಅದರ ಬೇರನ್ನು ಮೂರು ಸಲ ಬಾಚಿದ. ಬೆಳ್ಳಿಯ ಕಪ್ಪು ಗೆದ್ದ ವರ್ಷಗಳಲ್ಲಿ ಒಂದೇ ಸಲ ಬಾಚಿದ್ದ. ಮೊದಲ ಬಹುಮಾನ ಯಾರೋ ಅಂಚೆಯವನಿಗೆ ಹೋಯಿತು. ಕೊನೆಯ ಬಹುಮಾನ ಒಂದು ಜೊತೆ ಸ್ನಾನದ ಟವೆಲು, ಹಳದಿ ಬಣ್ಣದ್ದು. ಅದಕ್ಕೆ ಮ್ಯಾಟಿ ಹೆಸ್ಲಪ್ ಎಂದು ಕೂಗಿದಾಗ ಅವನು ಎರಡು ಸಲ ಕೂಗಿಸಿಕೊಂಡು ಎದ್ದುಹೋದ.

ಆಮೇಲೆ ಅವನು ಇನ್ನೂ ಬಹಳ ವರ್ಷ ಬದುಕಿದ. ಗೋಪುರದ ಸುತ್ತ ಸರ್ಕಾರದವರು ಬೇಲಿ ಹಾಕಿ ಹುಲ್ಲು ಬೆಳೆಸಿದರು, ಒಳಗೆ ಸರ್ ಹ್ಯೂ ಬಗ್ಗೆ ಒಂದು ಫಲಕ ನಿಲ್ಲಿಸಿದರು. ಮ್ಯಾಟಿ ಅದರ ಮುಂದೆ ಹಾದುಹೋಗುವಾಗ ಟೋಪಿ ಮುಟ್ಟಿಕೊಳ್ಳುತ್ತಿದ್ದ, ಹಳೆಯ ಪಾಲುದಾರನಿಗೆ ಮಾಡುವಂತೆ. ಐನಾಳ ಮನೆಗೆ ಹೋದವರಿಗೆ ಬೆಳ್ಳಿಯ ಕಪ್ಪು ಹಿತ್ತಲ ಬಾಗಿಲ ಬಳಿ ಕಾಣುತ್ತಿತ್ತು, ಅದರೊಳಗೆ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳು ತುಂಬಿದ್ದವು. ನಡುಮನೆಯ ಗಾಜಿನ ಬೀರುವಿನಲ್ಲಿ, ಮದುವೆಯಲ್ಲಿ ಬಂದ ಟೀ ಬಟ್ಟಲುಗಳನ್ನು ಅತ್ತ ಸರಿಸಿ, ಒಂದು ಜೊತೆ ಹಳದಿ ಟವೆಲನ್ನು ಮಡಿಸಿ ಇಟ್ಟಿದ್ದರು. ಯಾರೂ ಅದರಲ್ಲಿ ಮೈ ಒರೆಸಿಕೊಂಡಿರಲಿಲ್ಲ.

ಹೊಸಬರು ಯಾರಾದರೂ ಅದೇನೆಂದು ಕೇಳಿದರೆ ಐನಾ ಟೀ ಸೋಸುತ್ತಾ ಗಂಡನ ಕಡೆಗೆ ಗದ್ದ ತೋರಿಸುತ್ತಿದ್ದಳು.

"ಅದಾ?" ಎನ್ನುತ್ತಿದ್ದ ಮ್ಯಾಟಿ. "ಅದು ನಾನು ಬೆಳೆದದ್ದು."